ಹಕ್ಕಿ ತಲೆಯ ಮನುಷ್ಯನಿಗೆ ಏನಾಯಿತು?

ಈ ಲೇಖನ ಓದುವ ಮೊದಲು ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತೆಗೆದಿಟ್ಟುಕೊಳ್ಳಿ. ಅಜ್ಜನೋ ಅಜ್ಜಿಯೋ ಗಟ್ಟಿಯಾಗಿ ಓದಲಿ, ಮೊಮ್ಮಕ್ಕಳು ಕೇಳುತ್ತಾ ಚಿತ್ರ ಬರೆಯಲಿ. ಅಂದವಾಗಿ ಬರಬೇಕೆಂಬ ನಿಯಮವೇನೂ ಇಲ್ಲ.

ಹಾಳೆಯನ್ನು ಅಡ್ಡಡ್ಡ ಹಿಡಿಯಿರಿ. ಬಲಗಡೆ ಒಂದು ದೊಡ್ಡ ಕಾಡುಕೋಣ ಬರೆಯಿರಿ. ಬೆನ್ನು ಗುಡ್ಡದ ಹಾಗೆ ಉಬ್ಬಿರಲಿ, ಮೈತುಂಬ ಕೂದಲು ನಿಮಿರಿರಲಿ, ಬಾಲ ಮೇಲಕ್ಕೆ ಎದ್ದಿರಲಿ. ಅದು ಎಡಗಡೆಗೆ ತಲೆ ತಗ್ಗಿಸಿ ಕೊಂಬು ಚಾಚಿರಲಿ. ಹೊಟ್ಟೆಯ ಕೆಳಗೆ ಒಂದರೊಳಗೊಂದು ಸುತ್ತಿದ ದೊಡ್ಡ ದೊಡ್ಡ ಕುಣಿಕೆಗಳು ಜೋತುಬಿದ್ದಿರಲಿ. ಅದರ ಹಿಂಭಾಗಕ್ಕೆ ಅಡ್ಡವಾಗಿ ಒಂದು ಉದ್ದನೆಯ ಓರೆ ಗೆರೆ ಎಳೆಯಿರಿ.

ಈಗ ಕೋಣದ ಮುಂದೆ ಒಬ್ಬ ಮನುಷ್ಯ. ಇವನನ್ನು ಬರೆಯುವುದು ಬಹಳ ಸುಲಭ. ಉದ್ದನೆಯ ಪೆಟ್ಟಿಗೆಯಂಥ ಮೈ, ಕಡ್ಡಿಯಂಥ ಕೈಕಾಲು. ಗಾಳಿಗೆ ವಾಲಿದ ಕಂಬದ ಹಾಗೆ ಹಿಂದಕ್ಕೆ ಓರೆಯಾಗಿರಲಿ. ಎರಡೂ ಕೈ ಅಗಲಿಸಿರಲಿ. ಒಂದೊಂದು ಕೈಗೆ ನಾಲ್ಕೇ ಬೆರಳು. ತಲೆ ಮಾತ್ರ ಮನುಷ್ಯನದಲ್ಲ, ಕೊಕ್ಕಿರುವ ಹಕ್ಕಿಯ ತಲೆ!

ಅವನ ಕೆಳಗೆ ನೆಟ್ಟಗೆ ನಿಂತ ಒಂದು ಕೋಲು, ಕೋಲಿನ ತುದಿಯಲ್ಲಿ ಒಂದು ಹಕ್ಕಿ. ಇನ್ನೂ ಎಡಕ್ಕೆ ಬಂದರೆ ಒಂದು ಘೇಂಡಾಮೃಗ. ಅದು ಇವರಿಗೆಲ್ಲ ಬೆನ್ನು ಮಾಡಿ, ಬಾಲ ಎತ್ತಿಕೊಂಡು ಆಚೆ ಹೊರಟಿದೆ. ಅದರ ಬಾಲದ ಬಳಿ ಆರು ಚುಕ್ಕೆಗಳು, ಮೂರು ಮೂರರಂತೆ ಎರಡು ಸಾಲು.

ಆಯಿತೇ? ಈಗ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಒಬ್ಬೊಬ್ಬರೂ ಹೇಳಿ: ಇಲ್ಲಿ ಏನು ನಡೆಯುತ್ತಿದೆ?

ನೀವು ಏನು ಹೇಳಿದರೂ, ಅದನ್ನು ಹೋಲುವ ಮಾತನ್ನು ದೊಡ್ಡ ವಿದ್ವಾಂಸರೊಬ್ಬರು ನಿಮಗಿಂತ ಮೊದಲೇ ಹೇಳಿರುವ ಸಾಧ್ಯತೆ ಇದೆ. ಈ ಚಿತ್ರ ಇರುವುದು ಫ್ರಾನ್ಸ್ ದೇಶದ ಲಾಸ್ಕೋ ಎಂಬ ಗುಹೆಯಲ್ಲಿ. ಬರೆದು ಕನಿಷ್ಠ 17,000 ವರ್ಷಗಳಾಗಿವೆ. ಇನ್ನೂ ಹಳೆಯದು, 21,000 ವರ್ಷದಷ್ಟು ಹಿಂದಿನದು ಎನ್ನುವವರೂ ಇದ್ದಾರೆ. ಬರೆದವರ ಹೆಸರಿಲ್ಲ. ಗಂಡಸೋ ಹೆಂಗಸೋ, ಮುದುಕರೋ ಹುಡುಗರೋ, ಅದೂ ಗೊತ್ತಿಲ್ಲ. ಅವರಾಡಿದ ಭಾಷೆಯ ಒಂದು ಪದವೂ ಉಳಿದಿಲ್ಲ.

ನಾಲ್ವರು ಹುಡುಗರು, ಒಂದು ಹಗ್ಗ

1940ರ ಸೆಪ್ಟೆಂಬರ್ ತಿಂಗಳು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಫ್ರಾನ್ಸ್ ಜರ್ಮನಿಯ ಎದುರು ಸೋತು ಕೆಲವೇ ತಿಂಗಳಾಗಿತ್ತು. ಆ ದೇಶದ ನೈಋತ್ಯ ಭಾಗದಲ್ಲಿ, ವೆಝೇರ್ ನದಿಯ ದಂಡೆಯಲ್ಲಿ ಮೊಂಟಿನ್ಯಾಕ್ ಎಂಬ ಪುಟ್ಟ ಊರಿದೆ. ಅಲ್ಲಿಯ 18 ವರ್ಷದ ಮಾರ್ಸೆಲ್ ರವಿದಾ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಊರ ಹೊರಗಿನ ಗುಡ್ಡದಲ್ಲಿ, ಮರವೊಂದು ಬುಡಮೇಲಾಗಿ ಬಿದ್ದ ಕಡೆ, ನೆಲದಲ್ಲೊಂದು ಬಿಲ ಅವನ ಕಣ್ಣಿಗೆ ಬಿದ್ದಿತ್ತು. ಹತ್ತಿರದ ಹಳೆಯ ಬಂಗಲೆಗೆ ಸೇರುವ ಗುಪ್ತ ಸುರಂಗ ಒಂದಿದೆ, ಅದರಲ್ಲಿ ನಿಧಿ ಇದೆ ಎಂಬ ಮಾತು ಊರಲ್ಲಿ ಓಡಾಡುತ್ತಿತ್ತು. ನಮ್ಮ ಊರುಗಳಲ್ಲೂ ಕೋಟೆ ಇರುವ ಕಡೆಯೆಲ್ಲ ಇಂಥ ಸುರಂಗದ ಕಥೆ ಇದ್ದೇ ಇರುತ್ತದಲ್ಲ, ಹಾಗೆ.

ಸೆಪ್ಟೆಂಬರ್ 12ರಂದು ರವಿದಾ, ತನಗಿಂತ ಚಿಕ್ಕವರಾದ ಮೂವರೊಡನೆ ಅಲ್ಲಿಗೆ ಹೋದ. ಅವರ ಹೆಸರು ಜಾಕ್ ಮಾರ್ಸಾಲ್, ಜಾರ್ಜ್ ಅನ್ಯೆಲ್, ಸಿಮೋನ್ ಕೊಯೆಂಕಾಸ್. ಬಿಲವನ್ನು ಅಗೆದು ಅಗಲ ಮಾಡಿದರು. ರವಿದಾ ಮೊದಲು ಒಳಗೆ ಜಾರಿದ, ಉಳಿದವರು ಹಿಂದೆ ಇಳಿದರು. ಅವನೇ ಕೈಯಾರೆ ಮಾಡಿಕೊಂಡಿದ್ದ ದೀಪದ ಬೆಳಕಿನಲ್ಲಿ ನೋಡುತ್ತಾರೆ, ಗೋಡೆಯ ಮೇಲೆ ಗೂಳಿಗಳು, ಕುದುರೆಗಳು, ಜಿಂಕೆಗಳು! ಒಂದೊಂದು ಗೂಳಿಯೂ ದೊಡ್ಡದು. ಅದರಲ್ಲಿ ಒಂದು 5 ಮೀಟರ್‌ಗಿಂತ ಉದ್ದ.

ಮರುದಿನ ಹಗ್ಗ ತಂದರು. ಗುಹೆಯ ಒಂದು ಮೂಲೆಯಲ್ಲಿ ಬಾವಿಯಂಥ ಕುಳಿ ಇತ್ತು. ಐದಾರು ಮೀಟರ್ ಆಳ. ಮೇಲೆ ಮೂವರು ಹಗ್ಗ ಹಿಡಿದರು, ರವಿದಾ ಕೆಳಗಿಳಿದ. ಅಲ್ಲಿ ಅವನಿಗೆ ಕಂಡದ್ದೇ ನೀವೀಗ ಹಾಳೆಯ ಮೇಲೆ ಬರೆದಿರುವ ಚಿತ್ರ.

ಹುಡುಗರು ಕೆಲವು ದಿನ ಗುಟ್ಟು ಕಾಪಾಡಿದರು. ಆಮೇಲೆ ಊರಿನ ಶಾಲೆಯ ಮೇಷ್ಟ್ರು ಲಿಯೋನ್ ಲಾವಾಲ್ ಅವರಿಗೆ ಹೇಳಿದರು. ಇದೇನೋ ಹುಡುಗಾಟಿಕೆ ಎಂದು ಮೇಷ್ಟ್ರು ಮೊದಲು ಅನುಮಾನಪಟ್ಟರು. ಒಳಗೆ ಹೋಗಿ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಅದೇ ತಿಂಗಳು ಫ್ರಾನ್ಸಿನ ಹೆಸರಾಂತ ಪುರಾತತ್ವ ವಿದ್ವಾಂಸ ಆಂರಿ ಬ್ರೊಯ್ ಬಂದು ನೋಡಿ, ಇವು ನಿಜವಾಗಿಯೂ ಶಿಲಾಯುಗದ ಚಿತ್ರಗಳು ಎಂದರು. ಜಾಕ್ ಮಾರ್ಸಾಲ್ ಮನೆಯವರನ್ನು ಒಪ್ಪಿಸಿ, ಗುಹೆಯ ಬಾಯಿಯ ಹತ್ತಿರ ಡೇರೆ ಹಾಕಿಕೊಂಡು ಕಾವಲು ಕೂತ. ಮುಂದೆ ರವಿದಾ ಮತ್ತು ಮಾರ್ಸಾಲ್ ಇಬ್ಬರೂ ಅದೇ ಗುಹೆಯಲ್ಲಿ ಗೈಡುಗಳಾದರು.

ಗುಹೆಯ ಗೋಡೆಗಳ ಮೇಲೆ ಬಣ್ಣದವು, ಗೀರಿ ಕೆತ್ತಿದವು ಎಲ್ಲ ಸೇರಿ ಸುಮಾರು 2,000 ಆಕೃತಿಗಳಿವೆ. ಅಷ್ಟರಲ್ಲಿ ಮನುಷ್ಯ ಒಬ್ಬನೇ. ಅವನೂ ಎಲ್ಲರ ಕಣ್ಣಿಗೆ ಬೀಳುವ ದೊಡ್ಡ ಹಜಾರದಲ್ಲಿಲ್ಲ. ಹಗ್ಗ ಹಿಡಿದು ಇಳಿಯಬೇಕಾದ ಕುಳಿಯ ತಳದಲ್ಲಿದ್ದಾನೆ, ಹಕ್ಕಿಯ ತಲೆ ಹೊತ್ತುಕೊಂಡು.

ಮೊದಲು ಕಂಡದ್ದು, ಆಮೇಲೆ ಅಂದುಕೊಂಡದ್ದು

ಈಗ ನಿಮ್ಮ ಹಾಳೆಯ ಹಿಂಬದಿಯಲ್ಲಿ ನಡುವೆ ಒಂದು ಗೆರೆ ಎಳೆದು ಎರಡು ಭಾಗ ಮಾಡಿ. ಒಂದರ ಮೇಲೆ 'ಕಂಡದ್ದು' ಎಂದು ಬರೆಯಿರಿ, ಇನ್ನೊಂದರ ಮೇಲೆ 'ಅಂದುಕೊಂಡದ್ದು' ಎಂದು ಬರೆಯಿರಿ. ಹಳೆಯ ಚಿತ್ರ ಓದುವವರು ಮಾಡುವ ಮೊದಲ ಕೆಲಸ ಇದೇ. ಕೇಳಲು ಸುಲಭ, ಮಾಡಲು ಕಷ್ಟ.

'ಮನುಷ್ಯ ಬಿದ್ದಿದ್ದಾನೆ' ಎಂದಿರಾ? ಅದು ಕಂಡದ್ದಲ್ಲ, ಅಂದುಕೊಂಡದ್ದು. ಕಂಡದ್ದು ಇಷ್ಟೇ: ಅವನು ಓರೆಯಾಗಿದ್ದಾನೆ. ಹಾಳೆಯನ್ನು ಸ್ವಲ್ಪ ತಿರುಗಿಸಿ ನೋಡಿ, ಅವನು ಕೈ ಚಾಚಿ ನೆಟ್ಟಗೆ ನಿಂತಂತೆಯೇ ಕಾಣುತ್ತಾನೆ. ಗುಹೆಯ ಗೋಡೆಗೆ ಕಾಗದದ ಹಾಗೆ ಮೇಲಂಚು, ಕೆಳಗಿನ ಅಂಚು ಇರುವುದಿಲ್ಲವಲ್ಲ.

'ಕೋಣಕ್ಕೆ ಈಟಿ ಚುಚ್ಚಿದೆ, ಕರುಳು ಹೊರಬಂದಿದೆ' ಎಂದಿರಾ? ಕಂಡದ್ದು ಒಂದು ಉದ್ದ ಗೆರೆ ಮತ್ತು ಕೆಲವು ಕುಣಿಕೆಗಳು. ಈಟಿ, ಕರುಳು ಎನ್ನುವುದು ಊಹೆ. ಒಳ್ಳೆಯ ಊಹೆಯೇ, ಬಹುಪಾಲು ವಿದ್ವಾಂಸರೂ ಒಪ್ಪುವಂಥದ್ದು. ಆದರೂ ಅದನ್ನು ಎರಡನೆಯ ಭಾಗದಲ್ಲೇ ಬರೆಯಬೇಕು.

'ಬರೆದವರಿಗೆ ಮನುಷ್ಯನನ್ನು ಬರೆಯಲು ಬರುತ್ತಿರಲಿಲ್ಲ' ಎಂದಿರಾ? ಹಾಗಾದರೆ ಕೋಣವನ್ನು ನೋಡಿ. ನಿಮಿರಿದ ಕೂದಲು, ಎತ್ತಿದ ಬಾಲ, ಸಿಟ್ಟು ಎಲ್ಲ ಅದರ ಮೈಯಲ್ಲಿದೆ. ಕೋಣವನ್ನು ಇಷ್ಟು ಚೆನ್ನಾಗಿ ಬರೆದ ಕೈಗೆ ಮನುಷ್ಯನನ್ನು ತುಂಬಿಕೊಂಡಂತೆ ಬರೆಯುವುದು ಅಸಾಧ್ಯವಾಗಿರಲಾರದು. ಕಡ್ಡಿಯಂತೆ ಬರೆದದ್ದು ಬೇಕೆಂದೇ ಇರಬಹುದು.

'ನಾಲ್ಕು ಬೆರಳು ಬರೆದು ತಪ್ಪು ಮಾಡಿದ್ದಾರೆ' ಎಂದಿರಾ? ಅಂಗಳಕ್ಕೆ ಬರುವ ಕಾಗೆಯ ಕಾಲು ನೋಡಿ. ಮುಂದೆ ಮೂರು, ಹಿಂದೆ ಒಂದು, ಒಟ್ಟು ನಾಲ್ಕು ಬೆರಳು. ಹೆಚ್ಚಿನ ಹಕ್ಕಿಗಳಿಗೆ ಹೀಗೆಯೇ. ಹಕ್ಕಿಯ ತಲೆ ಇಟ್ಟವರು ಹಕ್ಕಿಯ ಬೆರಳನ್ನೂ ಇಟ್ಟಿರಬಹುದು. ಪಕ್ಕದಲ್ಲೇ ಆರು ಚುಕ್ಕೆಗಳನ್ನು ಮೂರು ಮೂರಾಗಿ ಜೋಡಿಸಿದವರಿಗೆ ಐದರವರೆಗೆ ಲೆಕ್ಕ ಬರುತ್ತಿರಲಿಲ್ಲ ಎನ್ನುವುದು ಕಷ್ಟ.

ಬೇಟೆಯಲ್ಲಿ ಸತ್ತವನೇ?

ಆಂರಿ ಬ್ರೊಯ್ ಈ ಚಿತ್ರವನ್ನು ನಡೆದ ಘಟನೆಯೆಂದು ಓದಿದರು. ಒಬ್ಬ ಬೇಟೆಗಾರ ಕೋಣಕ್ಕೆ ಈಟಿ ಎಸೆದಿದ್ದಾನೆ. ಕೋಣ ತಿರುಗಿ ಬಿದ್ದು ಅವನನ್ನು ಕೆಡವಿದೆ. ಆದರೆ ಒಂದು ಈಟಿಯಿಂದ ಕೋಣದ ಹೊಟ್ಟೆ ಹೀಗೆ ಬಗೆದುಹೋಗುವುದೇ? ಅದಕ್ಕೂ ಅವರ ಬಳಿ ಉತ್ತರವಿತ್ತು: ಹೊಟ್ಟೆ ಬಗೆದದ್ದು ಎಡಗಡೆಯ ಘೇಂಡಾಮೃಗ, ಕೆಲಸ ಮುಗಿಸಿ ಹೊರಟಿದೆ. ಕೋಲಿನ ಮೇಲಿನ ಹಕ್ಕಿ ಸತ್ತವನ ಗುರುತಿಗೆ ನೆಟ್ಟ ಕಂಬವಿರಬೇಕು.

ಹಾಗಿದ್ದರೆ ಆ ಬೇಟೆಗಾರನನ್ನು ಅಲ್ಲೇ ಹೂತಿರಬೇಕಲ್ಲವೇ? ಬ್ರೊಯ್ ಸುಮ್ಮನೆ ಕೂರಲಿಲ್ಲ. 1949ರಲ್ಲಿ ಜೊತೆಗಾರರೊಂದಿಗೆ ಆ ಚಿತ್ರದ ಬುಡದಲ್ಲಿ ಅಗೆಸಿದರು. ಸಮಾಧಿ ಸಿಗಲಿಲ್ಲ.

ಮುಂದೆ ಅದೇ ಕುಳಿಯಲ್ಲಿ ಬೇರೆ ವಸ್ತುಗಳು ಸಿಕ್ಕಿವೆ. ಕೊಂಬಿನಿಂದ ಮಾಡಿದ ಈಟಿಮೊನೆಗಳು ಸಿಕ್ಕವು. ಕೆಂಪು ಮರಳುಗಲ್ಲಿನ ಒಂದು ದೀಪ ಸಿಕ್ಕಿತು. ಸೌಟಿನ ಹಾಗೆ ಹಿಡಿಕೆ ಇರುವ ಇದನ್ನು ನುಣ್ಣಗೆ ಉಜ್ಜಿ ಮಾಡಿದ್ದಾರೆ. ಬತ್ತಿ ಇಟ್ಟು ಪ್ರಾಣಿಯ ಕೊಬ್ಬು ತುಂಬಿ ಉರಿಸುವ ದೀಪ. ಅದರ ಹಿಡಿಕೆಯ ಮೇಲೆ ಕೊರೆದಿರುವ ಗುರುತುಗಳಂಥವೇ ಗುಹೆಯ ಗೋಡೆಯ ಮೇಲೂ ಇವೆ. ಈಗ ಈ ದೀಪ ಅದೇ ಸೀಮೆಯ ಲೆಝೇಝಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಕುಳಿಯ ಕತ್ತಲಿಗೆ ಜನ ಬೆಳಕು ಹಿಡಿದು ಇಳಿದದ್ದಕ್ಕೆ ಅದು ಸಾಕ್ಷಿ.

ಮೈಮೇಲೆ ಬಂದವನೇ?

1952ರಲ್ಲಿ ಜರ್ಮನಿಯ ವಿದ್ವಾಂಸ ಹೋರ್ಸ್ಟ್ ಕಿರ್ಶ್ನರ್ ಬೇರೆ ಮಾತು ಹೇಳಿದರು. ಆ ಮನುಷ್ಯ ಸತ್ತಿಲ್ಲ, ಆವೇಶದಲ್ಲಿದ್ದಾನೆ ಎಂದರು. ಸೈಬೀರಿಯಾದ ಜನರಲ್ಲಿ ಶಾಮನ್ ಎಂಬ ಪೂಜಾರಿಗಳಿದ್ದರು. ಅವರು ಮೈಮರೆತು ಬಿದ್ದಾಗ ಅವರ ಜೀವ ಹಕ್ಕಿಯಾಗಿ ಬೇರೆ ಲೋಕಕ್ಕೆ ಹಾರುತ್ತದೆ ಎಂಬ ನಂಬಿಕೆ ಅಲ್ಲಿತ್ತು. ತುದಿಯಲ್ಲಿ ಹಕ್ಕಿ ಇರುವ ಕಂಬಗಳನ್ನೂ ಅವರು ನೆಡುತ್ತಿದ್ದರು. ಕಿರ್ಶ್ನರ್ ಪ್ರಕಾರ ಕೋಣ ಬಲಿಯ ಪ್ರಾಣಿ, ಹಕ್ಕಿ ತಲೆಯವನು ಶಾಮನ್.

ಜಾತ್ರೆಯಲ್ಲಿ, ಕೋಲದಲ್ಲಿ ಮೈಮೇಲೆ ದೇವರು ಬರುವುದನ್ನು ಕಂಡ ನಮ್ಮ ಹಿರಿಯರಿಗೆ ಈ ಓದು ಬೇಗ ಹಿಡಿಸಬಹುದು. ಅದೇ ಅದರ ಅಪಾಯ ಕೂಡ. ನಮಗೆ ಪರಿಚಯವಿರುವುದು ಕಂಡ ಕೂಡಲೇ 'ಇದೇ ಅದು' ಎನ್ನಿಸಿಬಿಡುತ್ತದೆ. ಸೈಬೀರಿಯಾದ ಶಾಮನ್‌ಗಳ ಬಗ್ಗೆ ಬರೆದಿಟ್ಟಿರುವುದೆಲ್ಲ ಕಳೆದ ಕೆಲವು ನೂರು ವರ್ಷಗಳದ್ದು. ಚಿತ್ರಕ್ಕೆ 17,000 ವರ್ಷ. ನಡುವೆ ಇರುವ ಕಾಲದ ಹಳ್ಳವನ್ನು ಹಕ್ಕಿಯ ಕೊಕ್ಕು ಒಂದನ್ನೇ ನಂಬಿ ದಾಟಬಹುದೇ? ಹಕ್ಕಿ ಇರುವ ಕೋಲು ಈಟಿ ಎಸೆಯುವ ಸಾಧನವೂ ಆಗಿರಬಹುದು. ಅಂಥ ಕೋಲುಗಳ ತುದಿಯಲ್ಲಿ ಪ್ರಾಣಿ, ಹಕ್ಕಿಗಳನ್ನು ಕೆತ್ತಿರುವ ಶಿಲಾಯುಗದ ಮಾದರಿಗಳು ಫ್ರಾನ್ಸಿನಲ್ಲೇ ಸಿಕ್ಕಿವೆ.

ಆಕಾಶದ ನಕ್ಷೆಯೇ?

ಇನ್ನೊಬ್ಬ ಜರ್ಮನ್ ಸಂಶೋಧಕ ಮಿಖಾಯೆಲ್ ರಾಪೆನ್‌ಗ್ಲ್ಯೂಕ್ ಇದರಲ್ಲಿ ನಕ್ಷತ್ರಗಳನ್ನು ಕಂಡರು. ಕೋಣದ ಕಣ್ಣು, ಮನುಷ್ಯನ ಕಣ್ಣು, ಕೋಲಿನ ಮೇಲಿನ ಹಕ್ಕಿ, ಈ ಮೂರನ್ನು ಗೆರೆಯಿಂದ ಸೇರಿಸಿದರೆ ಒಂದು ತ್ರಿಕೋನ ಬರುತ್ತದೆ. ಆಕಾಶದಲ್ಲಿ ಅಭಿಜಿತ್, ಶ್ರವಣ, ಡೆನೆಬ್ ಎಂಬ ಮೂರು ಪ್ರಕಾಶಮಾನ ನಕ್ಷತ್ರಗಳು ಸೇರಿ ಆಗುವ 'ಬೇಸಿಗೆ ತ್ರಿಕೋನ'ವೇ ಇದು ಎಂಬುದು ಅವರ ವಾದ.

ಕೇಳಲು ಸೊಗಸಾಗಿದೆ. ಆದರೆ ಮಕ್ಕಳೇ, ಒಂದು ಪರೀಕ್ಷೆ ಮಾಡಿ. ನಿಮ್ಮ ಮನೆಯ ಯಾವುದೇ ಗುಂಪು ಫೋಟೊ ತೆಗೆದುಕೊಂಡು ಮೂವರ ಮೂಗಿನ ಮೇಲೆ ಬೆರಳಿಡಿ. ತ್ರಿಕೋನ ಬಂದೇ ಬರುತ್ತದೆ! ಮೂರು ಚುಕ್ಕೆ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ತ್ರಿಕೋನವಾಗದೆ ಬೇರೇನೂ ಆಗುವುದಿಲ್ಲ. ಆಕಾಶದಲ್ಲಿ ನಕ್ಷತ್ರಗಳಿಗೂ ಬರವಿಲ್ಲ. ಆದ್ದರಿಂದ ತ್ರಿಕೋನ ಸಿಕ್ಕಿತು ಎಂದ ಮಾತ್ರಕ್ಕೆ ಬರೆದವರ ಮನಸ್ಸಿನಲ್ಲಿ ಅದೇ ಇತ್ತು ಎನ್ನಲಾಗದು.

ಎಲ್ಲರಿಗೂ ಗೊತ್ತಿದ್ದ ಕಥೆಯೇ?

ಫ್ರಾನ್ಸಿನ ಆಂದ್ರೆ ಲರ್ವಾ-ಗುರಾನ್ ಬೇರೆ ದಾರಿ ಹಿಡಿದರು. ಒಂದು ಚಿತ್ರವನ್ನೇ ದಿಟ್ಟಿಸುವುದರ ಬದಲು ಹಲವು ಗುಹೆಗಳ ಚಿತ್ರಗಳನ್ನು ಪಟ್ಟಿ ಮಾಡಿದರು. ಯಾವ ಪ್ರಾಣಿ ಎಲ್ಲಿದೆ, ಯಾವುದರ ಪಕ್ಕ ಯಾವುದಿದೆ ಎಂದು ಎಣಿಸಿದರು. ಆಗ ಒಂದು ಸಂಗತಿ ಎದ್ದು ಕಂಡಿತು. ಅದೇ ಸೀಮೆಯ ವಿಲಾರ್ ಗುಹೆಯಲ್ಲಿ ಒಬ್ಬ ಮನುಷ್ಯ ಕೋಣದ ಎದುರು ನಿಂತ ಚಿತ್ರವಿದೆ. ರೋಕ್ ದ ಸೇರ್ ಎಂಬ ಕಡೆ ಸಿಕ್ಕಿದ ಕೆತ್ತಿದ ಬಂಡೆಯಲ್ಲೂ ಕೊಂಬಿನ ಪ್ರಾಣಿಯೊಂದು ಮನುಷ್ಯನ ಮೇಲೆ ನುಗ್ಗುತ್ತಿದೆ.

ಒಂದೇ ಕಡೆ ಇದ್ದರೆ ಅದು ಒಬ್ಬನಿಗೆ ಆದ ಅಪಘಾತ ಎನ್ನಬಹುದು. ಹಲವು ಕಡೆ ಇದ್ದರೆ ಅದು ಆ ಜನರೆಲ್ಲರಿಗೂ ಗೊತ್ತಿದ್ದ ಕಥೆಯಾಗಿರಬಹುದು. ಹತ್ತು ತಲೆಯವನೊಬ್ಬ ರೆಕ್ಕೆಯ ಹಕ್ಕಿಯೊಡನೆ ಕಾದಾಡುವ ಶಿಲ್ಪವನ್ನು ಯಾವ ಗುಡಿಯಲ್ಲಿ ಕಂಡರೂ 'ರಾವಣ, ಜಟಾಯು' ಎಂದು ನಮ್ಮ ಮಕ್ಕಳು ಹೇಳುತ್ತಾರೆ. ಅಲ್ಲಿ ಹೆಸರು ಬರೆಯಬೇಕಾಗಿಲ್ಲ. ಹೆಸರು ನಮ್ಮ ಕಿವಿಯಲ್ಲೇ ಇದೆ. ಲಾಸ್ಕೋದ ಮಕ್ಕಳಿಗೂ ಹಕ್ಕಿ ತಲೆಯವನ ಹೆಸರು ಹಾಗೆಯೇ ಗೊತ್ತಿದ್ದಿರಬಹುದು.

ಈ ಓದಿಗೆ ಇರುವ ಬಲ ಇದು: ಹೋಲಿಕೆಯ ಚಿತ್ರಗಳು ಅದೇ ನಾಡಿನವು, ಎಲ್ಲವೂ ಶಿಲಾಯುಗದವು. ಆದರೆ ಇದೂ ಒಂದು ಹಂತಕ್ಕೆ ನಿಲ್ಲುತ್ತದೆ. ಒಂದು ಕಥೆ ಇದ್ದಿರಬೇಕು ಎಂದು ಹೇಳುತ್ತದೆಯೇ ಹೊರತು ಕಥೆ ಏನೆಂದು ಹೇಳುವುದಿಲ್ಲ.

ಆ ಘೇಂಡಾಮೃಗದ ವಿಷಯವೂ ಇತ್ಯರ್ಥವಾಗಿಲ್ಲ. ಅದು ಬೇರೆ ಕೈ ಬರೆದದ್ದು, ಕೋಣ ಮತ್ತು ಮನುಷ್ಯನ ಕಥೆಗೆ ಅದು ಸೇರಿಯೇ ಇಲ್ಲ ಎನ್ನುವವರಿದ್ದಾರೆ. ಹಾಗಾದರೆ ಬ್ರೊಯ್ ಅವರ ಅರ್ಧ ಕಥೆ ಬಿದ್ದುಹೋಗುತ್ತದೆ. ಇನ್ನು ಆ ಆರು ಚುಕ್ಕೆಗಳು ಗುಹೆಯ ಇನ್ನೊಂದು ಕಡೆಯೂ ಇವೆ. ಅತಿ ದೂರದ, ಅತಿ ಕಿರಿದಾದ ಓಣಿಯ ಕೊನೆಯಲ್ಲಿ, ಅದೇ ಮೂರು ಮೂರರ ಎರಡು ಸಾಲು. ಕುಳಿಯ ತಳವೂ ಒಂದು ಕೊನೆ, ಆ ಓಣಿಯೂ ಒಂದು ಕೊನೆ. 'ಇಲ್ಲಿಗೆ ಮುಗಿಯಿತು' ಎಂಬ ಗುರುತೇ? ಇರಬಹುದು. ನಿಮ್ಮ ಹಾಳೆಯಲ್ಲಿ ಇದನ್ನು ಯಾವ ಭಾಗದಲ್ಲಿ ಬರೆಯುವಿರಿ?

ಕಾಳಿ ಎಂಬ ನಾಯಿಯ ಕಲ್ಲು

ಚಿತ್ರದ ಜೊತೆ ಮಾತು ಉಳಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಒಂದು ನಾಯಿ ಮತ್ತು ಒಂದು ಕಾಡುಹಂದಿ ಕಾದಾಡುವ ಕೆತ್ತನೆ ಇದೆ. ಕೆತ್ತಿದ ಶಿಲ್ಪಿಯ ಮುಖ ನಮಗೆ ಗೊತ್ತಿಲ್ಲ.

ಕೆತ್ತನೆ ಮಾತ್ರ ಉಳಿದು ಅಕ್ಷರ ಅಳಿಸಿಹೋಗಿದ್ದರೆ ನಾವು ಏನೆನ್ನುತ್ತಿದ್ದೆವು? ಕೆಲವರು ಬರೀ ಬೇಟೆಯ ದೃಶ್ಯ ಎನ್ನುತ್ತಿದ್ದರು. ಇನ್ನು ಕೆಲವರು, ವರಾಹ ಚಾಲುಕ್ಯರ ಲಾಂಛನ, ಆದ್ದರಿಂದ ಇದು ಚಾಲುಕ್ಯರನ್ನು ಯಾರೋ ಸೋಲಿಸಿದ ಸಂಕೇತ ಎಂದು ದೊಡ್ಡ ಪ್ರಬಂಧ ಬರೆಯುತ್ತಿದ್ದರು. ನಂಬುವವರೂ ಸಿಗುತ್ತಿದ್ದರು.

ಅದೃಷ್ಟಕ್ಕೆ ಕಲ್ಲಿನ ಮೇಲೆ ಕನ್ನಡದಲ್ಲಿ ಬರಹವಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನಿಗೆ ಗಂಗರ ಎರಡನೆಯ ಬೂತುಗ ಏನು ಬೇಕೋ ಕೇಳು ಎಂದ. ಮಣಲೆರ ಚಿನ್ನ ಕೇಳಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಸೆಣಸಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು.

ಸಾವಿರಕ್ಕೂ ಹೆಚ್ಚು ವರ್ಷದ ಮೇಲೂ ಒಂದು ನಾಯಿಯ ಹೆಸರು ನಮಗೆ ಗೊತ್ತು. ಯಾಕೆಂದರೆ ಚಿತ್ರದ ಜೊತೆಗೆ ಯಾರೋ ನಾಲ್ಕು ಸಾಲು ಬರೆಸಿದರು. ಲಾಸ್ಕೋದ ಮನುಷ್ಯನ ಕಾಲದಲ್ಲಿ ಲಿಪಿಯೇ ಹುಟ್ಟಿರಲಿಲ್ಲ. ಅವನ ಕಥೆ ಯಾರದೋ ನಾಲಿಗೆಯ ಮೇಲಿತ್ತು. ದೀಪ ಹಿಡಿದು ಕುಳಿಗೆ ಇಳಿದವರಿಗೆ ಯಾರೋ ಒಬ್ಬರು ಗೋಡೆ ತೋರಿಸಿ ಹೇಳಿದ್ದಿರಬೇಕು. ಹೇಳುವವರು ಮುಗಿದ ದಿನ ಕಥೆಯೂ ಮುಗಿಯಿತು. ಗೆರೆಗಳು ಉಳಿದವು.

ನೋಡಲು ಬಂದವರ ಉಸಿರು

ಆ ಗೆರೆಗಳೂ ನಮ್ಮ ಕಾಲದಲ್ಲೇ ಅಳಿದುಹೋಗುವುದರಲ್ಲಿದ್ದವು. 1948ರಲ್ಲಿ ಗುಹೆಯನ್ನು ಜನರಿಗೆ ತೆರೆದರು. 1955ರ ಹೊತ್ತಿಗೆ ದಿನಕ್ಕೆ ಸುಮಾರು 1,200 ಮಂದಿ ಬರುತ್ತಿದ್ದರು. ಅಷ್ಟು ಜನರ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಜೊತೆಗೆ ವಿದ್ಯುತ್ ದೀಪಗಳ ಬೆಳಕು. ಸಾವಿರಾರು ವರ್ಷ ಮುಚ್ಚಿದ್ದ ಗಾಳಿ ಹದಿನೈದು ವರ್ಷದಲ್ಲಿ ಕೆಟ್ಟಿತು. ಗೋಡೆಯ ಮೇಲೆ ಹಸಿರು ಪಾಚಿ ಬೆಳೆಯಿತು, ಬಿಳಿಯ ಸುಣ್ಣದ ಹರಳು ಕಟ್ಟತೊಡಗಿತು. 1963ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಿಸಿದರು.

ಚಿತ್ರಗಳನ್ನು ಪ್ರೀತಿಯಿಂದ ನೋಡಲು ಬಂದವರೇ ಅವಕ್ಕೆ ಕೇಡಾದರು; ಅವರಲ್ಲಿ ಯಾರೂ ಕೆಟ್ಟವರಲ್ಲ. 1983ರಲ್ಲಿ ಗುಹೆಯ ಹತ್ತಿರವೇ ಅದರ ಮುಖ್ಯ ಭಾಗಗಳ ಪ್ರತಿಕೃತಿ ಕಟ್ಟಿ ತೆರೆದರು. 2016ರಲ್ಲಿ ಗುಡ್ಡದ ಬುಡದಲ್ಲಿ ಇನ್ನೂ ದೊಡ್ಡ ಪ್ರತಿಕೃತಿ ಬಂತು. ಈಗ ಪ್ರವಾಸಿಗರು ನೋಡುವುದು ಅದನ್ನು. ನಿಜವಾದ ಹಕ್ಕಿ ತಲೆಯ ಮನುಷ್ಯ ಮತ್ತೆ ಕತ್ತಲಲ್ಲಿದ್ದಾನೆ. ಅವನ ಸ್ಥಿತಿ ನೋಡಿಕೊಳ್ಳುವ ಕೆಲವೇ ಮಂದಿ, ಅದೂ ಅಪರೂಪಕ್ಕೆ, ಲೆಕ್ಕದ ಹೊತ್ತು ಮಾತ್ರ ಒಳಗೆ ಹೋಗುತ್ತಾರೆ.

ನಿಮ್ಮ ಮನೆಯ ಚಿತ್ರಗಳು

ಹಾಗಾದರೆ ಆ ಮನುಷ್ಯನಿಗೆ ಏನಾಯಿತು? ಇಷ್ಟು ಹೇಳಬಹುದು. ಕಾಡುಕೋಣವನ್ನು ಹತ್ತಿರದಿಂದ ಬಲ್ಲ ಒಬ್ಬರು, ದೀಪದ ಬೆಳಕಿನಲ್ಲಿ, ಕಷ್ಟಪಟ್ಟು ಇಳಿಯಬೇಕಾದ ಜಾಗ ಆರಿಸಿಕೊಂಡು, ಆ ಗುಹೆಯಲ್ಲಿ ಬೇರೆಲ್ಲೂ ಇಲ್ಲದ ಮನುಷ್ಯನನ್ನು ಅಲ್ಲಿ ಬರೆದರು. ಅದು ಅವರಿಗೆ ಮುಖ್ಯವಾದ ವಿಷಯವಾಗಿತ್ತು. ಉಳಿದದ್ದೆಲ್ಲ ಎರಡನೆಯ ಭಾಗಕ್ಕೆ ಸೇರಿದ್ದು. ಊಹೆ ಮಾಡುವುದು ತಪ್ಪಲ್ಲ; ಬ್ರೊಯ್ ಅವರ ಹಾಗೆ ಊಹಿಸಿ, ಅಗೆದು ನೋಡಿ, ಸಿಗಲಿಲ್ಲವೆಂದರೆ ಸಿಗಲಿಲ್ಲ ಎನ್ನಬೇಕು.

ಇನ್ನೊಂದು ಕೆಲಸ ಈ ವಾರವೇ ಮಾಡಬಹುದು. ಮಕ್ಕಳೇ, ನಿಮ್ಮ ಹಳೆಯ ಡ್ರಾಯಿಂಗ್ ಪುಸ್ತಕದಿಂದ ಒಂದು ಚಿತ್ರ ತೆಗೆದು, ಇದು ಏನೆಂದು ಅಜ್ಜಿಯನ್ನು ಕೇಳಿ. ಅವರು ಹೇಳುವುದು ತಪ್ಪಾಗಿರುವ ಸಾಧ್ಯತೆಯೇ ಹೆಚ್ಚು. ಅದು ಆನೆಯಲ್ಲ, ಬಸ್ಸು ಎಂದು ನೀವು ನಗುತ್ತಾ ಹೇಳುವಿರಿ. ಹೇಳಿದ್ದನ್ನು ಅವರು ಆ ಹಾಳೆಯ ಹಿಂದೆ ಬರೆದಿಡಲಿ: ಬರೆದವರ ಹೆಸರು, ವಯಸ್ಸು, ತಾರೀಕು, ಚಿತ್ರದಲ್ಲಿ ಏನಿದೆ, ಎಲ್ಲ.

ಆಮೇಲೆ ಪಾಳಿ ಬದಲಾಯಿಸಿ. ಪೆಟ್ಟಿಗೆಯ ತಳದಲ್ಲಿರುವ ಕಪ್ಪು ಬಿಳುಪು ಫೋಟೊಗಳನ್ನು ತೆಗೆಯಿರಿ. ಮೊದಲು ಮೊಮ್ಮಕ್ಕಳು ಊಹಿಸಲಿ: ಬಾಗಿಲ ಬಳಿ ನಿಂತಿರುವ ಈ ಹುಡುಗಿ ಯಾರು, ಈ ಎತ್ತು ಯಾರದು, ಎಲ್ಲರೂ ಯಾಕೆ ಗಂಭೀರವಾಗಿದ್ದಾರೆ? ನಂತರ ಅಜ್ಜ ಹೇಳಲಿ, ಮೊಮ್ಮಕ್ಕಳು ಪೆನ್ಸಿಲಿನಲ್ಲಿ ಮೃದುವಾಗಿ ಫೋಟೊದ ಹಿಂದೆ ಬರೆಯಲಿ. ಅಜ್ಜನಿಗೂ ನೆನಪಿಲ್ಲದ ಮುಖವಿದ್ದರೆ ಬೇಗ ದೊಡ್ಡಜ್ಜಿಗೆ ಫೋನ್ ಮಾಡಿ. ಅವರಿಗೆ ಗೊತ್ತಿರಬಹುದು.